ಭಾರಿ ಭಾಂಡವಲಿನ ಉದ್ದಿಮೆಗಳೂ ನಮ್ಮ ಹಳ್ಳಿಗಳೂ

(ಶಿಗ್ಗಾಂವದಲ್ಲಿ ಮಠದ ಭಕ್ತರ ಸಭೆಯಲ್ಲಿ ಮಾಡಿದ ಭಾಷಣ)



ಮಹೋತ್ಸವದ ಈ ಶುಭಸಂದರ್ಭದಲ್ಲಿ ಉದ್ಯೋಗಧಂದೆಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಶ್ರೀಗಳವರ ಅಪ್ಪಣೆಯಾಗಿದೆ. ಶಿವಾನುಭವದ ಮಾತುಗಳನ್ನು ಕೇಳಲು ಬಂದ ನಿಮ್ಮ ಮುಂದೆ ಯಂತ್ರ, ಬಡ್ಡಿ, ಲಾವಣಿಗಳ ವಿಷಯವನ್ನು ತೆಗೆಯುವುದು ಸಮಂಜಸವೇ ಎಂದು ನಾನು ಮೊದಲು ಅಳುಕಿದ್ದುಂಟು. ಆದರೆ ಕಾಯಕವನ್ನು ಧರ್ಮದ ನಡುಗಂಬವೆಂದು ಎಣಿಸಿದ ಪರಂಪರೆಯ ಮಠದಲ್ಲಿ, ಕಾಯಕವು ಯಾರ ಕೈಗೆ ದೊರೆಯುತ್ತದೆ, ಯಾರ ಕೈಯಿಂದ ಜಾರುತ್ತದೆ ಎಂಬ ವಿಚಾರವು ಹೊರಗಿನದಾಗಲಾರದು. ಆ ಧೈರ್ಯದಿಂದಲೇ ನಿಮ್ಮ ಮುಂದೆ ನಿಂತಿದ್ದೇನೆ.

ಪುಣೆ-ಬೆಂಗಳೂರು ಹೆದ್ದಾರಿಯು ನಮ್ಮ ಶಿಗ್ಗಾಂವದ ಮಗ್ಗುಲಲ್ಲಿಯೇ ಹಾದುಹೋಗಿದೆ. 2020ರಲ್ಲಿ ಭೂಸುಧಾರಣೆಯ ಕಾನೂನಿಗೆ ತಿದ್ದುಪಡಿಯಾಗಿ, ಒಕ್ಕಲುತನ ಮಾಡದವರು ಕೂಡ ಸಾಗುವಳಿಯ ಭೂಮಿಯನ್ನು ಕೊಳ್ಳುವ ಹಾದಿಯು ತೆರೆದಿದೆ. ಹೀಗಿರಲು, “ಊರಿಗೆ ಕಾರಖಾನೆ ಬರುತ್ತದಂತೆ, ಹೊಲ ಕೊಡೋಣವೋ ಬೇಡವೋ?” ಎಂಬ ಪ್ರಶ್ನೆಯು ನಮ್ಮಲ್ಲಿ ಅನೇಕರ ಮನೆಯ ಪಡಸಾಲೆಗೆ ಬಂದು ಕುಳಿತಿದೆ, ಇನ್ನು ಕೆಲವರ ಮನೆಗೆ ನಾಳೆ ಬರಲಿದೆ. ಕೊಡಿರಿ ಎಂದಾಗಲಿ, ಕೊಡಬೇಡಿರಿ ಎಂದಾಗಲಿ ಒಂದೇ ಮಾತಿನಲ್ಲಿ ಹೇಳುವವನು ನಾನಲ್ಲ. ಆದರೆ ಕೊಡುವ ಮೊದಲು ಏನನ್ನು ಕೇಳಬೇಕು ಎಂಬುದನ್ನು ನಮ್ಮ ಸೀಮೆಯಲ್ಲಿಯೇ ನಡೆದ ಸಂಗತಿಗಳು ಕಲಿಸಿಕೊಟ್ಟಿರುತ್ತವೆ. ಅವುಗಳನ್ನು ನಿಮ್ಮ ನೆನಪಿಗೆ ತರುವುದೇ ಈ ಹೊತ್ತಿನ ನನ್ನ ಕೆಲಸವು.

ಮೊದಲು ಭಾರಿ ಭಾಂಡವಲಿನ ಉದ್ದಿಮೆಯೆಂದರೆ ಏನೆಂಬುದನ್ನು ತಿಳಿದುಕೊಳ್ಳೋಣ. ಯಾವ ಉತ್ಪನ್ನಕ್ಕೇ ಆಗಲಿ ಎರಡು ಸಂಗತಿಗಳು ಕೂಡಬೇಕು: ಮನುಷ್ಯನ ದುಡಿಮೆ ಒಂದು, ಆ ದುಡಿಮೆಗೆ ಸಾಧನವಾದ ಸಾಮಾನು ಇನ್ನೊಂದು. ಕುಂಬಾರನಿಗೆ ತಿಗರಿ, ನೇಕಾರನಿಗೆ ಮಗ್ಗ, ಒಕ್ಕಲಿಗನಿಗೆ ಎತ್ತು ಕೂರಿಗೆಗಳು ಭಾಂಡವಲು. ಆ ಭಾಂಡವಲು ಅಲ್ಪ. ಮಡಕೆಯ ಬೆಲೆಯಲ್ಲಿ ಹೆಚ್ಚಿನ ಪಾಲು ಕುಂಬಾರನ ಕೈಗೇ ಸಲ್ಲುತ್ತದೆ. ಕಬ್ಬಿಣ, ಸಿಮೆಂಟು, ಕಾಗದ, ರಸಾಯನ, ವಿದ್ಯುಚ್ಛಕ್ತಿಗಳ ಉದ್ದಿಮೆಗಳಲ್ಲಿ ಈ ಪ್ರಮಾಣವು ತಿರುವುಮುರುವಾಗುತ್ತದೆ. ಅಲ್ಲಿ ನೂರಾರು ಕೋಟಿ ರೂಪಾಯಿಗಳ ಯಂತ್ರಸಾಮಗ್ರಿಯು ಮೊದಲು ನಿಲ್ಲಬೇಕು. ಅದನ್ನು ನೋಡಿಕೊಳ್ಳಲು ಜನರು ಕೆಲವರೇ ಸಾಕು. ಲೆಕ್ಕಕ್ಕೋಸ್ಕರ ಹೀಗೆ ಹಿಡಿಯೋಣ: ಒಂದು ಕೈಮಗ್ಗವನ್ನು ಹೂಡಲು ಐವತ್ತು ಸಾವಿರ ರೂಪಾಯಿ ತಗಲಿದರೆ, ಒಂದು ಕೋಟಿಯಲ್ಲಿ ಇನ್ನೂರು ಜನರಿಗೆ ಕೆಲಸವಾಯಿತು. ದೊಡ್ಡ ಕಾರಖಾನೆಯಲ್ಲಿ ಒಬ್ಬ ಕೆಲಸಗಾರನ ಹಿಂದೆ ಒಂದು ಕೋಟಿಯ ಯಂತ್ರವು ನಿಂತರೆ, ಅದೇ ಹಣದಲ್ಲಿ ಕೆಲಸವಾದದ್ದು ಒಬ್ಬನಿಗೆ. ಆ ಒಬ್ಬನ ಸಂಬಳವು ನೇಕಾರನದಕ್ಕಿಂತ ಹತ್ತುಪಟ್ಟು ಇರಬಹುದು; ಆದರೂ ಮಿಕ್ಕ ನೂರಾ ತೊಂಬತ್ತೊಂಬತ್ತು ಜನರು ಎಲ್ಲಿ ಹೋಗಬೇಕೆಂಬ ಪ್ರಶ್ನೆಯು ಉಳಿದೇ ಉಳಿಯುತ್ತದೆ.

ಇಷ್ಟರಿಂದಲೇ ದೊಡ್ಡ ಉದ್ದಿಮೆಗಳು ಬೇಡವೆಂದು ಹೇಳಿದರೆ ಅದು ಅವಿಚಾರವಾದೀತು. ಕೆಲವು ವಸ್ತುಗಳು ಕೈಯಿಂದ ಆಗತಕ್ಕವುಗಳಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ಹುಟ್ಟಿಸಿ, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ಒಯ್ದರು. ಅಷ್ಟು ಹಣವನ್ನು ಒಂದೆಡೆಗೆ ಕೂಡಿಸದೆ ಆ ಕೆಲಸವು ಆಗುತ್ತಲೇ ಇರಲಿಲ್ಲ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರಖಾನೆಯು ನಡೆಯತೊಡಗಿತು, ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತದ ಭಾರವನ್ನು ಹೊತ್ತು ಅದನ್ನು ಊರ್ಜಿತಕ್ಕೆ ತಂದರು. ನಮ್ಮ ರೆಂಟೆಯ ಕುಳವೂ ಬಾವಿಯ ಪಂಪೂ ಇಂತಹ ಕಾರಖಾನೆಗಳ ಕಬ್ಬಿಣದಿಂದಲೇ ಆದವು. ದೇಶದ ಎರಡನೆಯ ಪಂಚವಾರ್ಷಿಕ ಯೋಜನೆಯು 1956ರಲ್ಲಿ ಭಾರಿ ಉದ್ದಿಮೆಗಳಿಗೆ ಅಗ್ರಸ್ಥಾನವನ್ನು ಕೊಟ್ಟದ್ದು ಇದೇ ವಿಚಾರದಿಂದ. ಆ ಯೋಜನೆಯನ್ನು ರಚಿಸಿದವರು ಜನರಿಗೆ ಕೆಲಸವು ಗೃಹೋದ್ಯೋಗಗಳಿಂದ ದೊರೆಯಲೆಂದೂ, ಯಂತ್ರಗಳನ್ನು ಹಡೆಯುವ ಶಕ್ತಿಯು ದೊಡ್ಡ ಕಾರಖಾನೆಗಳಿಂದ ಬರಲೆಂದೂ ಎಣಿಸಿದ್ದರು. ಎರಡೂ ಚಕ್ರಗಳು ಸಮನಾಗಿದ್ದರೆ ಬಂಡಿಯು ಸಾಗುತ್ತದೆ; ಒಂದು ದೊಡ್ಡದು ಒಂದು ಸಣ್ಣದಾದರೆ ನಿಂತಲ್ಲಿಯೇ ಸುತ್ತುತ್ತದೆ.

ಆದರೆ ಭಾರಿ ಭಾಂಡವಲಿಗೆ ಒಂದು ಸ್ವಭಾವವುಂಟು. ಅದನ್ನು ಅರಿಯದೆ ಅದರ ಸಂಗಡ ವ್ಯವಹಾರಕ್ಕೆ ಇಳಿಯಕೂಡದು. ಬಡ್ಡಿಗೆ ನಿದ್ರೆಯಿಲ್ಲ ಎಂಬುದೇ ಆ ಸ್ವಭಾವದ ಮೂಲವು. ನೇಕಾರನು ಹಬ್ಬದ ದಿನ ಮಗ್ಗವನ್ನು ನಿಲ್ಲಿಸಿದರೆ ಅವನಿಗೆ ಒಂದು ದಿನದ ಗಳಿಕೆ ತಪ್ಪೀತು, ಅಷ್ಟೇ. ಸಾವಿರ ಕೋಟಿಯ ಯಂತ್ರವು ಒಂದು ದಿನ ನಿಂತರೆ, ಸರಕು ಬಾರದಿದ್ದರೂ ಸಾಲದ ಬಡ್ಡಿಯು ಏರುತ್ತಲೇ ಇರುತ್ತದೆ, ಯಂತ್ರವು ಸವೆಯುತ್ತಲೇ ಇರುತ್ತದೆ. ಆದುದರಿಂದ ಅಂಥ ಕಾರಖಾನೆಯು ಹಗಲಿರುಳು, ಮಳೆ ಬರಲಿ ಬರ ಬೀಳಲಿ, ನಡೆಯಲೇಬೇಕು. ನಡೆಯಬೇಕಾದರೆ ಅದಕ್ಕೆ ಕಚ್ಚಾ ಮಾಲು, ನೀರು, ಶಕ್ತಿ ಇವು ಮೂರೂ ತಪ್ಪದೆ ದೊರೆಯುವ ಭರವಸೆ ಬೇಕು. ಪೇಟೆಯಲ್ಲಿ ಸಿಕ್ಕಾಗ ಕೊಳ್ಳುತ್ತೇನೆಂದರೆ ಅದಕ್ಕೆ ಸಾಗದು. ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ಕರಾರು ಬೇಕೆಂದು ಅದು ಸರಕಾರದ ಬಾಗಿಲಿಗೆ ಹೋಗುತ್ತದೆ. ಹಾಕಿದ ಹಣವು ಮುಳುಗೀತೆಂಬ ಭಯದಿಂದ ಸರಕಾರವೂ ಅದಕ್ಕೆ ಒಡಂಬಡುತ್ತದೆ. ಹೀಗೆ ಕೆಲವೇ ಜನರಿಗೆ ಕೆಲಸ ಕೊಡುವ ಉದ್ದಿಮೆಯು ಬಹು ಜನರ ನೆಲ, ನೀರು, ಕಟ್ಟಿಗೆಗಳ ಮೇಲೆ ಕೈಯಿಡುವಂತಾಗುತ್ತದೆ. ಇದರಲ್ಲಿ ಯಾರೊಬ್ಬರ ದುಷ್ಟತನವನ್ನೂ ಹುಡುಕಬೇಕಾದ ಕಾರಣವಿಲ್ಲ; ಲೆಕ್ಕದ ಓಟವೇ ಹಾಗಿದೆ.

ಈ ಮಾತಿಗೆ ನಿದರ್ಶನವನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಹಾವೇರಿ ಜಿಲ್ಲೆಯಲ್ಲಿಯೇ, ರಾಣೇಬೆನ್ನೂರ ತಾಲೂಕಿನ ಕುಮಾರಪಟ್ಟಣದಲ್ಲಿ, ಹರಿಹರದ ಎದುರು ದಂಡೆಗೆ, ತುಂಗಭದ್ರೆಯ ತಟದಲ್ಲಿ ಹರಿಹರ ಪಾಲಿಫೈಬರ್ಸ್ ಎಂಬ ಕಾರಖಾನೆಯು 1970ರ ದಶಕದ ಆರಂಭದಲ್ಲಿ ಹುಟ್ಟಿತು. ಅಲ್ಲಿ ಆಗುವ ಕೆಲಸವು ಹೀಗೆ: ನೀಲಗಿರಿ ಮೊದಲಾದ ಮರಗಳನ್ನು ಚಕ್ಕೆಗಳಾಗಿ ಕೊಚ್ಚಿ, ರಸಾಯನಗಳೊಡನೆ ಭಾರಿ ಹಂಡೆಗಳಲ್ಲಿ ಒತ್ತಡದಿಂದ ಬೇಯಿಸಿ, ಮರದೊಳಗಿನ ಅಂಟನ್ನು ಬಿಡಿಸಿ, ನಾರನ್ನು ಮಾತ್ರ ಉಳಿಸಿ ತೊಳೆದು ಬಿಳುಪು ಮಾಡುತ್ತಾರೆ. ಈ ತಿರುಳನ್ನು ಮತ್ತೆ ರಸಾಯನದಲ್ಲಿ ಕರಗಿಸಿ, ಸೂಜಿಯ ಮೊನೆಗಿಂತಲೂ ಸಣ್ಣ ರಂಧ್ರಗಳಿಂದ ಆಮ್ಲದ ತೊಟ್ಟಿಯೊಳಗೆ ಹಾಯಿಸಿದರೆ, ರೇಷ್ಮೆಯಂತೆ ಹೊಳೆಯುವ ಎಳೆಗಳಾಗುತ್ತವೆ. ಹತ್ತಿಯ ಗಿಡವಿಲ್ಲದೆ ಬಟ್ಟೆಯ ನೂಲು! ಮನುಷ್ಯನ ಬುದ್ಧಿಯನ್ನು ಮೆಚ್ಚತಕ್ಕದ್ದೇ. ಆದರೆ ಈ ಕೆಲಸಕ್ಕೆ ಮರವು ರಾಶಿ ರಾಶಿಯಾಗಿ ಬೇಕು. ತೊಳೆಯಲು ನದಿಯ ನೀರು ಬೇಕು. ತೊಳೆದ ನೀರು ಹೋಗಲು ಮತ್ತೆ ನದಿಯೇ ಬೇಕು. 1980ರ ದಶಕದಲ್ಲಿ ನದಿಯ ಕೆಳಗಿನ ಹಳ್ಳಿಗಳ ಮೀನುಗಾರರೂ ಒಕ್ಕಲಿಗರೂ ನೀರು ಕೆಟ್ಟಿತೆಂದೂ ಮೀನು ಸತ್ತವೆಂದೂ ದೂರಿಕೊಂಡದ್ದು ಅನೇಕರಿಗೆ ನೆನಪಿರಬಹುದು. ನೀರಿನ ಮಾತು ಹಾಗಿರಲಿ. ಮರದ ಮಾತು ನಮ್ಮ ಹಾನಗಲ್ಲ ಸೀಮೆಗೆ ಬಂದದ್ದನ್ನು ಹೇಳುತ್ತೇನೆ.

1984ರ ನವೆಂಬರ ತಿಂಗಳಲ್ಲಿ ಸರಕಾರವೂ ಈ ಕಾರಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಯನ್ನು ಸ್ಥಾಪಿಸಿದವು. ನೂರಕ್ಕೆ 51 ಪಾಲು ಸರಕಾರದ್ದು, 49 ಪಾಲು ಕಾರಖಾನೆಯದು. ರಾಜ್ಯದ ನಾಲ್ಕು ಜಿಲ್ಲೆಗಳಲ್ಲಿ ಹರಡಿದ ಸುಮಾರು 30,000 ಹೆಕ್ಟೇರು, ಎಂದರೆ ಸುಮಾರು 75,000 ಎಕರೆ, ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಮೊದಲಾದ ಮರಗಳನ್ನು ಬೆಳೆದು ಕಾರಖಾನೆಗೆ ಒದಗಿಸುವುದೇ ಆ ಕಂಪನಿಯ ಉದ್ದೇಶವು. ಅವಧಿಯು ನಲವತ್ತು ವರ್ಷ; ಲಾವಣಿಯು ವರ್ಷಕ್ಕೆ ಎಕರೆಗೆ ಒಂದು ರೂಪಾಯಿ. ಮತ್ತೊಮ್ಮೆ ಹೇಳುತ್ತೇನೆ: ವರ್ಷಕ್ಕೆ ಎಕರೆಗೆ ಒಂದು ರೂಪಾಯಿ.

ಆ ಭೂಮಿಯು ಸರಕಾರದ ಕಾಗದದಲ್ಲಿ ಪಾಳು. ಆದರೆ ಊರಿನವರ ಬಾಳಿನಲ್ಲಿ ಅದು ಪಾಳಾಗಿರಲಿಲ್ಲ. ದನಗಳು ಅಲ್ಲಿಯೇ ಮೇಯುತ್ತಿದ್ದವು. ಒಲೆಗೆ ಪುಳ್ಳೆ ಅಲ್ಲಿಂದಲೇ ಬರುತ್ತಿತ್ತು. ನೇಗಿಲಿಗೆ ಬೇಕಾದ ಕಟ್ಟಿಗೆ, ಗುಡಿಸಲಿಗೆ ಬೇಕಾದ ಹುಲ್ಲು, ಔಷಧಕ್ಕೆ ಬೇಕಾದ ಬೇರು ಎಲ್ಲವೂ ಅಲ್ಲಿಯವೇ. ನನ್ನ ತಾಯಿಯವರು ಎರಡು ಎಮ್ಮೆಗಳನ್ನು ಗಾಯರಾಣದಲ್ಲಿ ಮೇಯಿಸಿ, ಹಾಲು ಮಾರಿ ನನ್ನ ಶಾಲೆಯ ಖರ್ಚನ್ನು ಸಾಗಿಸಿದರು. ಆ ಹುಲ್ಲಿನ ಕಿಮ್ಮತ್ತು ಯಾವ ದಫ್ತರಿನಲ್ಲಿಯೂ ಬರೆದಿಲ್ಲ. ಆದರೆ ಅದು ಇರದಿದ್ದರೆ ನಾನು ಈ ವೇದಿಕೆಯ ಮೇಲೆ ಇರುತ್ತಿರಲಿಲ್ಲ. ನುಲಿಯ ಚಂದಯ್ಯನವರ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಕೆರೆಯಲ್ಲಿ ಬೆಳೆದ ಹುಲ್ಲನ್ನು ಕೊಯ್ದು, ಹಗ್ಗ ಹೊಸೆದು ಮಾರಿ, ಅದರಿಂದ ಜಂಗಮದಾಸೋಹ ಮಾಡಿದ ಶರಣರವರು. ಆ ಕೆರೆಯ ಹುಲ್ಲಿಗೆ ಯಾರಾದರೂ ಬೇಲಿ ಹಾಕಿದ್ದರೆ ಚಂದಯ್ಯನವರ ಕಾಯಕವೆಲ್ಲಿ, ದಾಸೋಹವೆಲ್ಲಿ? ಹೊಲವಿಲ್ಲದವನ ಕಾಯಕಕ್ಕೆ ಊರಿನ ನೆಲವೇ ಭಾಂಡವಲು ಎಂಬುದನ್ನು ನಾವು ಮರೆಯಬಾರದು.

ಹಾನಗಲ್ಲ ತಾಲೂಕಿನ ಕುಸನೂರು ಗ್ರಾಮದಲ್ಲಿಯೂ ಇಂಥ ಭೂಮಿಯು ಕಂಪನಿಯ ವಶಕ್ಕೆ ಹೋಗಿ, ನೀಲಗಿರಿಯ ಸಸಿಗಳು ನೆಡಲ್ಪಟ್ಟವು. ಆಗ ಹಾವೇರಿ ಜಿಲ್ಲೆಯು ಹುಟ್ಟಿರಲಿಲ್ಲ. ಅದು ಅಖಂಡ ಧಾರವಾಡ ಜಿಲ್ಲೆಯ ಕಾಲ. ಸಮಾಜ ಪರಿವರ್ತನ ಸಮುದಾಯದವರು ಊರೂರು ತಿರುಗಿ ಜನರನ್ನು ಎಚ್ಚರಿಸಿದರು. ಜ್ಞಾನಪೀಠ ಪುರಸ್ಕೃತ ಸಾಹಿತಿಗಳಾದ ಕೋಟ ಶಿವರಾಮ ಕಾರಂತರು ಅವರ ಜೊತೆಗೂಡಿ ದಿಲ್ಲಿಯ ಶ್ರೇಷ್ಠ ನ್ಯಾಯಾಲಯದಲ್ಲಿ ಮೊರೆಯಿಟ್ಟರು. 1987ರಲ್ಲಿ, ಇನ್ನು ಮುಂದೆ ಭೂಮಿಯನ್ನು ಕಂಪನಿಗೆ ಕೊಡಕೂಡದೆಂದು ನ್ಯಾಯಾಲಯವು ತಡೆಯಾಜ್ಞೆಯನ್ನು ಹೊರಡಿಸಿತು. ಆದರೆ ಆ ಮೊದಲೇ ಕೊಟ್ಟ ಭೂಮಿಯ ಗತಿಯೇನು?

1987ರ ನವೆಂಬರ 14ರಂದು ಕುಸನೂರಿನಲ್ಲಿ ಸುಮಾರು ಎರಡು ಸಾವಿರ ಜನರು ಕೂಡಿದರು. ಗಂಡಸರು, ಹೆಂಗಸರು, ಮುದುಕರು, ಹುಡುಗರು. ಅಹಿಂಸೆಯ ಪ್ರತಿಜ್ಞೆಯನ್ನು ಮಾಡಿದರು. ಬಾಜಾಬಜಂತ್ರಿಯೊಡನೆ ಆ ನೆಲಕ್ಕೆ ನಡೆದರು. ನೂರರಷ್ಟು ನೀಲಗಿರಿ ಸಸಿಗಳನ್ನು ಕಿತ್ತರು. ಕಿತ್ತಲ್ಲಿಯೇ ಹಣ್ಣು ಕೊಡುವ, ಮೇವು ಕೊಡುವ ಸಸಿಗಳನ್ನು ಹಚ್ಚಿದರು. ಹಚ್ಚಿದ ಸಸಿಗಳಿಗೆ ನೀರೆರೆದು ಬೆಳೆಸುತ್ತೇವೆಂದು ಮಾತು ಕೊಟ್ಟು ಮನೆಗೆ ತೆರಳಿದರು. ಆ ಸತ್ಯಾಗ್ರಹಕ್ಕೆ ‘ಕಿತ್ತಿಕೋ ಹಚ್ಚಿಕೋ’ ಎಂದು ಹೆಸರಾಯಿತು. ಹೆಸರಿನ ಎರಡನೆಯ ಶಬ್ದವನ್ನು ಗಮನಿಸಿರಿ. ಬರಿಯ ಕೀಳುವುದು ಯಾರಿಗೂ ಬರುತ್ತದೆ. ಕಿತ್ತಲ್ಲಿ ಏನನ್ನು ಹಚ್ಚಬೇಕೆಂಬುದು ತಿಳಿದಿದ್ದರಿಂದಲೇ ಆ ಹಳ್ಳಿಗರ ಮಾತಿಗೆ ತೂಕ ಬಂದಿತು. ಚಳುವಳಿಯೂ ನ್ಯಾಯಾಲಯದ ವ್ಯಾಜ್ಯವೂ ನಾಲ್ಕೈದು ವರ್ಷ ನಡೆದು, ಕೊನೆಗೆ 1991ರಲ್ಲಿ ಆ ಪಲ್ಪ್‌ವುಡ್ ಕಂಪನಿಯನ್ನೇ ಮುಚ್ಚಲಾಯಿತು.

ಇಲ್ಲಿ ಒಂದು ಮಾತು. ಒಂದು ರೂಪಾಯಿಯ ಭೂಮಿಯು ತಪ್ಪಿದರೆ ಕಾರಖಾನೆಯೇ ನಿಂತುಹೋದೀತು, ಕೆಲಸಗಾರರು ಬೀದಿಗೆ ಬಿದ್ದಾರು ಎಂದು ಆಗ ಅಂಜಿದವರಿದ್ದರು. ಹಾಗಾಗಲಿಲ್ಲ. ಕುಮಾರಪಟ್ಟಣದ ಕಾರಖಾನೆಯು ಮುಂದೆಯೂ ನಡೆಯಿತು. ಒಕ್ಕಲಿಗರು ತಮ್ಮ ಸ್ವಂತ ಹೊಲಗಳಲ್ಲಿ ಬೆಳೆದ ಮರವನ್ನು ಬೆಲೆ ಕೊಟ್ಟು ಕೊಳ್ಳುವ ಪದ್ಧತಿಯನ್ನು ಅದು ಬೆಳೆಸಿಕೊಂಡಿತು. ಎಂದ ಮೇಲೆ ಸರಿಯಾದ ಬೆಲೆ ಕೊಡುವ ಶಕ್ತಿಯು ಅದಕ್ಕೆ ಇದ್ದೇ ಇತ್ತು. ಕೇಳುವವರು ಇರಲಿಲ್ಲ, ಅಷ್ಟೇ. ನೀಲಗಿರಿಯು ಹೊಲಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆಯ ಚರ್ಚೆ. ನಾನು ಹೇಳುವುದಿಷ್ಟೇ: ಊರು ಸುಮ್ಮನಿದ್ದರೆ ಅದರ ನೆಲವು ಅಗ್ಗವಾಗುತ್ತದೆ, ಊರು ಕೂಡಿ ಕೇಳಿದರೆ ಬೆಲೆಯು ಹುಟ್ಟುತ್ತದೆ.

ಎರಡನೆಯ ಸಂಗತಿಯು ನೆರೆಯ ಗದಗ ಜಿಲ್ಲೆಯದು. 2010ರಲ್ಲಿ ಕೊರಿಯಾ ದೇಶದ ಪೋಸ್ಕೋ ಕಂಪನಿಯು ಸುಮಾರು 32 ಸಾವಿರ ಕೋಟಿ ರೂಪಾಯಿಗಳ ಉಕ್ಕಿನ ಕಾರಖಾನೆಯನ್ನು ಹೂಡಲು ಸರಕಾರದೊಡನೆ ಒಪ್ಪಂದ ಮಾಡಿಕೊಂಡಿತು. ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತಿನ ಫಲವತ್ತಾದ ಎರೆಭೂಮಿಯನ್ನು ಅದಕ್ಕಾಗಿ ಆರಿಸಿದರು. ಅಲ್ಲಿಯ ಒಕ್ಕಲಿಗರು ಭೂಮಿಯನ್ನು ಬಿಡಲು ಒಪ್ಪಲಿಲ್ಲ. ಗದಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ಒಕ್ಕಲಿಗರ ಬೆನ್ನಿಗೆ ನಿಂತರು. 2011ರ ಜುಲೈ ತಿಂಗಳಲ್ಲಿ ಸರಕಾರವು ಆ ಸ್ಥಳದ ಯೋಜನೆಯನ್ನು ಕೈಬಿಟ್ಟಿತು. ಮಠವು ಇಂಥ ವಿಷಯದಲ್ಲಿ ಬಾಯಿ ತೆರೆಯಬಾರದೆನ್ನುವವರಿಗೆ ಇದೇ ಉತ್ತರವು. ಆದರೂ ನ್ಯಾಯದ ಮಾತಿಗಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ಉಕ್ಕಿಲ್ಲದೆ ಯಾರ ಮನೆಯೂ ನಿಲ್ಲುವುದಿಲ್ಲ. ನಮಗೆ ಬೇಕಾದ ಉಕ್ಕನ್ನು ಯಾರೋ ತಮ್ಮ ನೆಲದಲ್ಲಿ ಕಾಯಿಸಲೇಬೇಕು. ತೋರಣಗಲ್ಲಿನಲ್ಲಿ 1971ರಲ್ಲಿ ಉಕ್ಕಿನ ಕಾರಖಾನೆಗೆ ಅಡಿಗಲ್ಲು ಬಿದ್ದಿತು. ಅಷ್ಟು ದೊಡ್ಡ ಭಾಂಡವಲನ್ನು ಕೂಡಿಸಲಾರದೆ ಎರಡು ದಶಕಗಳ ಮೇಲೆಯೂ ಅಲ್ಲಿ ಕಲ್ಲೇ ಉಳಿದಿತ್ತು. 1990ರ ದಶಕದಲ್ಲಿ ಖಾಸಗಿ ಕಂಪನಿಯು ಬಂದ ಮೇಲೆ ಬೆಳೆದ ಅಲ್ಲಿಯ ಕಾರಖಾನೆಯು ಈಗ ವರ್ಷಕ್ಕೆ ಒಂದು ಕೋಟಿ ಟನ್ನಿಗೂ ಮಿಕ್ಕಿ ಉಕ್ಕನ್ನು ಮಾಡಬಲ್ಲುದು. ಅದರಿಂದ ಆ ಸೀಮೆಯ ಎಷ್ಟೋ ಮನೆಗಳಲ್ಲಿ ದೀಪ ಹತ್ತಿದೆ ಎಂಬುದನ್ನು ನಾವು ಅಲ್ಲಗಳೆಯಲಾಗದು. ಕಾರಖಾನೆ ಬೇಕೋ ಬೇಡವೋ ಎಂಬುದಕ್ಕಿಂತ, ಎಂಥ ನೆಲದಲ್ಲಿ, ಯಾರ ಒಪ್ಪಿಗೆಯಿಂದ ಎಂಬುದೇ ಮುಖ್ಯವು.

ದೊಡ್ಡ ಉದ್ದಿಮೆಯು ಚಿರಸ್ಥಾಯಿಯೆಂದೂ ಎಣಿಸಬೇಡಿರಿ. ಶಿವನಸಮುದ್ರದ ವಿದ್ಯುತ್ತು ಯಾವ ಗಣಿಗಳಿಗಾಗಿ ಹರಿಯಿತೋ ಆ ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಅವುಗಳ ಸುತ್ತಲೂ ಬೆಳೆದ ಪಟ್ಟಣದ ಜನರು ದಿನಾಲು ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವಂತಾಯಿತು. ಭದ್ರಾವತಿಯ ಕಾರಖಾನೆಯನ್ನು ಮುಚ್ಚುವ ನಿರ್ಣಯವು 2023ರ ಜನೆವರಿಯಲ್ಲಿ ಪ್ರಕಟವಾಗಿ, ಜನರ ಮೊರೆಯ ನಂತರ ಅದೇ ವರ್ಷ ಕೆಲವು ಭಾಗಗಳಷ್ಟೇ ಮತ್ತೆ ಚಾಲೂ ಆದವು. ಭಾಂಡವಲು ಲಾಭವಿರುವಲ್ಲಿಗೆ ಎದ್ದು ಹೋಗಬಲ್ಲುದು. ಹೊಲ ಮಾರಿದವನು ಎಲ್ಲಿಗೆ ಹೋದಾನು?

ಈಗ ಭಾರಿ ಭಾಂಡವಲು ಹೊಸ ವೇಷದಲ್ಲಿಯೂ ಬರುತ್ತಿದೆ. ಅದರಲ್ಲಿ ಹೊಗೆಯಿಲ್ಲ, ಗದ್ದಲವಿಲ್ಲ. ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನಲ್ಲಿ ಐದು ಹಳ್ಳಿಗಳ ಸುಮಾರು 13,000 ಎಕರೆಯ ಮೇಲೆ ಸೂರ್ಯನ ಬಿಸಿಲಿನಿಂದ 2,050 ಮೆಗಾವ್ಯಾಟ್ ವಿದ್ಯುತ್ತನ್ನು ಹುಟ್ಟಿಸುವ ಉದ್ಯಾನವು 2019ರ ಕೊನೆಗೆ ಪೂರ್ಣವಾಯಿತು. ಅಲ್ಲಿ ಒಕ್ಕಲಿಗರಿಂದ ಭೂಮಿಯನ್ನು ಕೊಳ್ಳಲಿಲ್ಲ, ಲಾವಣಿಗೆ ಹಿಡಿದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ, ಒಡೆತನವು ಒಕ್ಕಲಿಗನದೇ. 1984ರ ಒಂದು ರೂಪಾಯಿಯನ್ನೂ ಈ ಇಪ್ಪತ್ತೊಂದು ಸಾವಿರವನ್ನೂ ಎದುರುಬದುರು ಇಟ್ಟು ನೋಡಿರಿ. ಕಾಲವೂ ನೆಲವೂ ಬೇರೆ ಎಂಬುದು ನಿಜ. ಆದರೂ ಕರಾರಿನ ಮಾದರಿಯು ಎಷ್ಟು ಸುಧಾರಿಸಿದೆ! ಬರದಿಂದ ಬೆಂದ ಆ ಸೀಮೆಯ ಹೊಲದೊಡೆಯರಿಗೆ ಅದು ಆಧಾರವಾಯಿತು. ಆದರೆ ಹೊಲವೇ ಇಲ್ಲದವರ ಪಾಡೇನು? ಕಳೆ ತೆಗೆಯುವ, ಕೊಯ್ಯುವ ಕೂಲಿಯು ಆ ಹೊಲಗಳಲ್ಲಿ ನಿಂತಿತು. ಕುರಿಗಳ ದಾರಿಗೆ ಬೇಲಿಯು ಬಂದಿತು. ಗಾಜಿನ ಹಲಗೆಗಳನ್ನು ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸಗಳು ಕೆಲವರಿಗೆ ಮಾತ್ರ ದೊರೆತವು. ಲಾವಣಿಯು ಒಡೆಯನಿಗೆ ಬಂತು, ಕೂಲಿಯು ಕೂಲಿಕಾರನಿಗೆ ತಪ್ಪಿತು. ಒಳ್ಳೆಯ ಕರಾರಿನಲ್ಲಿಯೂ ಉಳಿದ ಕೊರತೆಯಿದು.

ದೂರದ ಕಾರಖಾನೆಯನ್ನಷ್ಟೇ ದೂರಿ ಫಲವಿಲ್ಲ. ಇದೇ ಪ್ರವಾಹವು ನಮ್ಮ ಕಣಕ್ಕೂ ಬಂದಿದೆ. ಗೋವಿನಜೋಳದ ಸುಗ್ಗಿಯಲ್ಲಿ ಮೊದಲು ಮುಯ್ಯಾಳುಗಳು ಕೂಡುತ್ತಿದ್ದರು, ವಾರಗಟ್ಟಲೆ ಹತ್ತಾರು ಕೈಗಳಿಗೆ ಕೆಲಸವಿರುತ್ತಿತ್ತು. ಈಗ ಯಂತ್ರವು ಒಂದು ಹೊತ್ತಿನಲ್ಲಿ ಆ ಕೆಲಸವನ್ನು ಮುಗಿಸುತ್ತದೆ. ಆಳು ಸಿಗುವುದಿಲ್ಲವೆಂದು ಒಕ್ಕಲಿಗನು ಯಂತ್ರ ತರಿಸುತ್ತಾನೆ. ಕೆಲಸ ಸಿಗುವುದಿಲ್ಲವೆಂದು ಆಳು ಗೋವೆಗೋ ಬೆಂಗಳೂರಿಗೋ ಹೋಗುತ್ತಾನೆ. ಇಬ್ಬರ ಮಾತೂ ನಿಜವೇ. ಇನ್ನು ಬ್ಯಾಡಗಿಗೆ ಹೋಗಿ ನೋಡಿರಿ: ಮೆಣಸಿನಕಾಯಿಯ ಬಣ್ಣವನ್ನು ಹಿಂಡಿ ತೆಗೆಯುವ ಯಂತ್ರಗಳೂ ಅಲ್ಲಿವೆ, ಶೀತಗೃಹಗಳೂ ಅಲ್ಲಿವೆ, ಅವುಗಳ ಮಗ್ಗುಲಲ್ಲಿಯೇ ಸಾಲಾಗಿ ಕುಳಿತು ಕಾಯಿಯ ತೊಟ್ಟು ಬಿಡಿಸುವ ಹೆಂಗಸರೂ ಇದ್ದಾರೆ. ದೊಡ್ಡದೂ ಸಣ್ಣದೂ ಒಂದೇ ಪೇಟೆಯಲ್ಲಿ ಬಾಳಬಲ್ಲವೆಂಬುದಕ್ಕೆ ಅದು ಸಾಕ್ಷಿ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ದೇಶದ ರಾಷ್ಟ್ರಧ್ವಜಗಳನ್ನು ತಯಾರಿಸುವ ಕೀರ್ತಿಯನ್ನು ನಮ್ಮ ಭಾಗಕ್ಕೆ ತಂದಿದೆ. ನೂಲುವುದು, ನೇಯುವುದು, ಬಣ್ಣ ಹಾಕುವುದು, ಚಕ್ರವನ್ನು ಮುದ್ರಿಸುವುದು, ಹೊಲಿಯುವುದು, ಹೀಗೆ ಒಂದೊಂದು ಧ್ವಜದ ಹಿಂದೆಯೂ ಅನೇಕ ಕೈಗಳು. ಅವುಗಳಲ್ಲಿ ಬಹುಪಾಲು ತಾಯಂದಿರ ಕೈಗಳು. 2021ರ ಡಿಸೆಂಬರ ಕೊನೆಗೆ ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಿಂದ ಮಾಡಿದ ಪಾಲಿಯೆಸ್ಟರ್ ಬಟ್ಟೆಯ ಧ್ವಜಕ್ಕೂ ಅನುಮತಿಯಾಯಿತು. ಅದು ಅಗ್ಗ, ಬೇಗನೆ ಆಗುವಂಥದು. ಮನೆಮನೆಗೆ ಧ್ವಜವು ತಲುಪಿತೆಂಬುದು ಸಂತೋಷವೇ. ಆದರೆ ಬೆಂಗೇರಿಯ ಮಗ್ಗಗಳಿಗೆ ಅದರಿಂದ ಪೆಟ್ಟು ಬಿದ್ದಿತು. ಯಂತ್ರದ ಸರಕು ಅಗ್ಗವೆಂದು ಹೇಳುವಾಗ, ಕೆಲಸ ತಪ್ಪಿದವರ ಹೊಟ್ಟೆಯ ಖರ್ಚನ್ನು ಆ ಬೆಲೆಯಲ್ಲಿ ಯಾರೂ ಸೇರಿಸಿರುವುದಿಲ್ಲ.

ಹಾಗಾದರೆ ಹಾದಿ ಯಾವುದು? ಕೈಗೂ ಯಂತ್ರಕ್ಕೂ ನಡುವೆ ಒಂದು ನಡುಹಾದಿಯುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ಸಂಶೋಧನೆಯ ಕೇಂದ್ರವು ಹುಟ್ಟಿತು. ದೊಡ್ಡ ವಿಜ್ಞಾನಿಗಳು ಅಲ್ಲಿ ಹಳ್ಳಿಯ ಒಲೆ, ಗೋಬರ ಅನಿಲ, ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆಗಳ ವಿಚಾರವನ್ನು ಕೈಗೊಂಡರು. ಕಡಿಮೆ ಕಟ್ಟಿಗೆಯಲ್ಲಿ ಅಡಿಗೆಯಾಗುವ, ಹೊಗೆ ಹೊರಗೆ ಹೋಗುವ ‘ಅಸ್ತ್ರ ಒಲೆ’ಯು ನಮ್ಮ ಎಷ್ಟೋ ತಾಯಂದಿರ ಕಣ್ಣುಗಳನ್ನು ಕಾಯ್ದಿತು. ಅಲ್ಪ ಭಾಂಡವಲಿನಲ್ಲಿ ಹೆಚ್ಚು ಜನರ ಕೈಗೆ ಬಲ ಕೊಡುವ ಸಾಧನವೂ ವಿಜ್ಞಾನದ ಫಲವೇ ಎಂಬುದನ್ನು ಅವರು ತೋರಿಸಿಕೊಟ್ಟರು.

ಇನ್ನು ಮೊದಲು ಎತ್ತಿದ ಪ್ರಶ್ನೆಗೆ ಬರುತ್ತೇನೆ. ಕಾರಖಾನೆಯವರು ಬಂದಾಗ ನಾವು ಕೇಳತಕ್ಕ ಪ್ರಶ್ನೆಗಳು ನಾಲ್ಕು. ಮೊದಲನೆಯದು, ಎಷ್ಟು ಎಕರೆಗೆ ಎಷ್ಟು ಜನರಿಗೆ ಕಾಯಮ್ ಕೆಲಸ? ಕಟ್ಟಡವು ಏಳುವಾಗಿನ ಕೂಲಿಯನ್ನು ಎಣಿಸಬೇಡಿರಿ. ಯಂತ್ರವು ನಡೆಯತೊಡಗಿದ ಮೇಲೆ ಉಳಿಯುವ ಕೆಲಸವನ್ನು ಎಣಿಸಿರಿ. ಎರಡನೆಯದು, ನೀರು ಎಲ್ಲಿಂದ ಬರುತ್ತದೆ, ಹೊಲಸು ನೀರು ಎಲ್ಲಿಗೆ ಹೋಗುತ್ತದೆ? ವರದೆಯೂ ಧರ್ಮೆಯೂ ಒಬ್ಬರ ಸೊತ್ತಲ್ಲ. ಅವುಗಳ ಕೆಳಗೆ ಇನ್ನೂ ಊರುಗಳಿವೆ. ಮೂರನೆಯದು, ಮಾರಾಟವೋ ಲಾವಣಿಯೋ? ಲಾವಣಿಯಾದರೆ ಏರಿಕೆ ಎಷ್ಟು, ಅವಧಿ ಮುಗಿದ ಮೇಲೆ ನೆಲವನ್ನು ಯಾವ ಸ್ಥಿತಿಯಲ್ಲಿ ಮರಳಿಸುತ್ತಾರೆ? ನಾಲ್ಕನೆಯದು ಎಲ್ಲಕ್ಕೂ ಮುಖ್ಯವಾದದ್ದು: ಹೊಲವಿಲ್ಲದವನಿಗೆ ಏನು? ಅವನ ಹೆಸರು ಉತಾರದಲ್ಲಿ ಇರುವುದಿಲ್ಲ. ಆದುದರಿಂದ ಅವನ ಪರವಾಗಿ ಹೊಲವಿದ್ದವನೇ ಕೇಳಬೇಕು.

ಇವನ್ನು ಕೇಳಲು ಕಾನೂನಿನ ಬಲವೂ ಉಂಟು. 2013ರಲ್ಲಿ ಆಗಿ 2014ರ ಜನೆವರಿ 1ರಿಂದ ಜಾರಿಗೆ ಬಂದ ಭೂಸ್ವಾಧೀನದ ಕಾನೂನಿನಂತೆ, ಖಾಸಗಿ ಕಂಪನಿಗಾಗಿ ಸರಕಾರವು ಭೂಮಿಯನ್ನು ಹಿಡಿಯುವಾಗ ಬಾಧಿತರಾಗುವ ಕುಟುಂಬಗಳಲ್ಲಿ ನೂರಕ್ಕೆ 80ರ ಒಪ್ಪಿಗೆ ಬೇಕು. ಊರಿನ ಬಾಳಿನ ಮೇಲೆ ಆಗುವ ಪರಿಣಾಮದ ವಿಚಾರಣೆಯೂ ಆಗಬೇಕು. ಆದರೆ ನಮ್ಮ ರಾಜ್ಯದಲ್ಲಿ 1966ರ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿಯ ಕಾನೂನಿನ ಮೂಲಕವೂ ಭೂಮಿಯನ್ನು ಹಿಡಿಯುವುದುಂಟು. ಆದುದರಿಂದ ಬಂದ ನೋಟೀಸು ಯಾವ ಕಾನೂನಿನದೆಂಬುದನ್ನು ಮೊದಲು ಓದಿಸಿ ತಿಳಿದುಕೊಳ್ಳಿರಿ. ಅವಧಿಯೊಳಗೆ ತಕರಾರನ್ನು ಬರೆದುಕೊಡಿರಿ. ತಿಳಿಯದೆ ಹೆಬ್ಬೆಟ್ಟು ಒತ್ತುವ ಕಾಲವು ಹೋಯಿತು. ತಿಳಿಯದೆ ಸಹಿ ಮಾಡುವ ಕಾಲವಾದರೂ ಹೋಗಬೇಡವೇ?

ಶ್ರೀಮಠದ ಚರಣಗಳಲ್ಲಿ ನನ್ನದೊಂದು ಬಿನ್ನಹವುಂಟು. ಮಠಗಳು ಪ್ರಸಾದನಿಲಯಗಳನ್ನು ತೆರೆದು ನಾಡಿಗೆ ಅಕ್ಷರವನ್ನು ಕೊಟ್ಟವು. ಅಕ್ಷರ ಕಲಿತ ಮಕ್ಕಳಿಗೆ ಈಗ ಕೈಕೆಲಸವೂ ಬೇಕಾಗಿದೆ. ಕಾರಖಾನೆಯು ಬಂದರೆ ಅಲ್ಲಿ ಕಾವಲುಗಾರನಾಗದೆ ಯಂತ್ರವನ್ನು ಬಲ್ಲವನಾಗಿ ಹೋಗಲು ತಕ್ಕ ಶಿಕ್ಷಣ; ಬಾರದಿದ್ದರೆ ತನ್ನ ಊರಿನಲ್ಲಿಯೇ ಪಂಪು, ಟ್ರ್ಯಾಕ್ಟರು, ಸೌರಫಲಕಗಳನ್ನು ದುರಸ್ತಿ ಮಾಡಿ ಬಾಳಲು ತಕ್ಕ ಶಿಕ್ಷಣ. ಈ ಎರಡಕ್ಕೂ ಸಾಲುವ ಒಂದು ಕಮ್ಮಟವು ಮಠದ ನೆರಳಿನಲ್ಲಿ ನಡೆದರೆ, ಅದಕ್ಕಿಂತ ಮಿಗಿಲಾದ ದಾಸೋಹವು ಯಾವುದಿದ್ದೀತು?

ಭಕ್ತರೇ, ಭಾಂಡವಲನ್ನು ದೇವರೆಂದು ಪೂಜಿಸಬೇಡಿರಿ, ದೆವ್ವವೆಂದು ಬೆದರಲೂ ಬೇಡಿರಿ. ಅದು ಮನುಷ್ಯನು ಕೂಡಿಟ್ಟ ದುಡಿಮೆಯು. ದುಡಿಯುವ ಮನುಷ್ಯನಿಗೆ ಊಳಿಗ ಮಾಡುವುದೇ ಅದರ ಧರ್ಮವು. ಕುಸನೂರಿನ ಹಳ್ಳಿಗರು ಯಾವ ಅರ್ಥಶಾಸ್ತ್ರವನ್ನೂ ಓದಿರಲಿಲ್ಲ. ಆದರೆ ತಮ್ಮ ನೆಲದಲ್ಲಿ ಏನು ಬೇಡ, ಏನು ಬೇಕು ಎಂಬುದನ್ನು ಅವರು ಬಲ್ಲವರಾಗಿದ್ದರು. ಅಷ್ಟು ತಿಳಿವಳಿಕೆಯೂ, ಕೂಡಿ ನಿಲ್ಲುವ ಅಷ್ಟು ಬಲವೂ ನಮ್ಮ ಶಿಗ್ಗಾಂವ, ಸವಣೂರು, ಹಾನಗಲ್ಲ, ಹಿರೇಕೆರೂರುಗಳ ಪ್ರತಿಯೊಂದು ಊರಿಗೂ ಇರಲೆಂದು ಹಾರೈಸುತ್ತೇನೆ.